ಪಿಪಿ ಕೈಗೆ ಕಡತ ಬರುವ ಹೊತ್ತಿಗೆ

ಮಲೆನಾಡಿನ ಹೊಸನಗರ ತಾಲ್ಲೂಕಿನ ಠಾಣೆಯೊಂದರಲ್ಲಿ ದಾಖಲಾದ ಅತ್ಯಾಚಾರ ಪ್ರಕರಣ ಸತ್ರ ನ್ಯಾಯಾಲಯ ಮುಟ್ಟುವುದರೊಳಗೆ ಎಷ್ಟು ಕೈ ದಾಟುತ್ತದೆ ಎಣಿಸಿ ನೋಡಿ. ಠಾಣೆಯ ರೈಟರ್, ತನಿಖಾಧಿಕಾರಿ, ಡ್ಯೂಟಿ ಡಾಕ್ಟರ್, ಹೇಳಿಕೆ ಬರೆದುಕೊಳ್ಳುವ ಮ್ಯಾಜಿಸ್ಟ್ರೇಟ್, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ), ತಾಲ್ಲೂಕು ಕೋರ್ಟಿನ ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು). ಇಷ್ಟೆಲ್ಲ ಆದಮೇಲೆ ಸರ್ಕಾರದ ಪರ ವಿಚಾರಣೆ ನಡೆಸುವ ಪಿಪಿ, ಅಂದರೆ ಪಬ್ಲಿಕ್ ಪ್ರಾಸಿಕ್ಯೂಟರ್ (ಸರ್ಕಾರಿ ಅಭಿಯೋಜಕರು). ಸಂತ್ರಸ್ತೆಯ ಬಾಯಿಂದ ನ್ಯಾಯಾಧೀಶರ ಮುಂದೆ ನಡೆದದ್ದನ್ನು ಹೇಳಿಸಬೇಕಾದ ವ್ಯಕ್ತಿಯೇ ಆಕೆಯನ್ನು ಎಲ್ಲರಿಗಿಂತ ತಡವಾಗಿ ನೋಡುತ್ತಾರೆ. ಇದನ್ನು ಯಾರದೋ ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ. ವ್ಯವಸ್ಥೆಯನ್ನು ಕಟ್ಟಿದ್ದೇ ಹಾಗೆ.

ಹಿಂದೆ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಪೊಲೀಸ್ ಇಲಾಖೆಯವರೇ ಸರ್ಕಾರದ ಪರ ವಾದಿಸುತ್ತಿದ್ದರು. ಹಿಡಿದವರೇ ವಾದಿಸಿದರೆ ನ್ಯಾಯವೆಲ್ಲಿ ಎಂಬ ಆಕ್ಷೇಪ ಸರಿಯಾದದ್ದೇ. 1973ರ ದಂಡ ಪ್ರಕ್ರಿಯಾ ಸಂಹಿತೆ ಆ ಕೆಲಸಕ್ಕೆ ಎಪಿಪಿಗಳನ್ನು ತಂದಿತು. ಅವರ ವೃಂದವನ್ನು ಪೊಲೀಸ್ ಇಲಾಖೆಯ ಹಿಡಿತದಿಂದ ಪೂರ್ತಿ ಬೇರ್ಪಡಿಸಿ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2000ದಲ್ಲಿ ಇನ್ನೊಂದು ತೀರ್ಪು ಬಂತು: ಚಾರ್ಜ್‌ಶೀಟ್ ಹಾಕುವ ತೀರ್ಮಾನ ತನಿಖಾಧಿಕಾರಿಯದೇ, ಪಿಪಿ ಅಭಿಪ್ರಾಯದಂತೆ ಹಾಕಿ ಎಂದು ಕೋರ್ಟ್ ಆದೇಶಿಸುವಂತಿಲ್ಲ. ಸ್ವಾತಂತ್ರ್ಯವೇನೋ ಸಿಕ್ಕಿತು, ಆದರೆ ನಡುವೆ ಗೋಡೆಯೂ ಎದ್ದಿತು. ಪಿಪಿಯನ್ನು ತಾವಾಗಿಯೇ ಕೇಳಬೇಡಿ ಎಂದು ಆ ತೀರ್ಪು ಪೊಲೀಸರಿಗೆ ಹೇಳಿರಲಿಲ್ಲ. ಆದರೂ ಕೇಳದಿರುವುದೇ ರೂಢಿಯಾಯಿತು.

ಸಂತ್ರಸ್ತೆಯ ಪರವಾದ ಕಾನೂನು ಬೇರೆ ದಾರಿಯಲ್ಲಿ ಬೆಳೆಯಿತು. ಮಥುರಾ ಎಂಬ ಯುವತಿಯ ಮೇಲೆ ಠಾಣೆಯಲ್ಲೇ ಅತ್ಯಾಚಾರ ಎಸಗಿದ ಆರೋಪದ ಪೊಲೀಸರನ್ನು ಸುಪ್ರೀಂ ಕೋರ್ಟ್ ಖುಲಾಸೆ ಮಾಡಿದ ತೀರ್ಪಿನ ವಿರುದ್ಧ 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಬರೆದ ಬಹಿರಂಗ ಪತ್ರ ದೇಶದಲ್ಲಿ ಗದ್ದಲ ಎಬ್ಬಿಸಿತು. 1983ರ ತಿದ್ದುಪಡಿಯಿಂದ ಮುಚ್ಚಿದ ಕೋಣೆಯ ವಿಚಾರಣೆ ಬಂತು, ಸಂತ್ರಸ್ತೆಯ ಹೆಸರು ಬಯಲು ಮಾಡುವುದು ಅಪರಾಧವಾಯಿತು. ನಂಬಲರ್ಹವಾಗಿದ್ದರೆ ಆಕೆಯೊಬ್ಬಳ ಸಾಕ್ಷ್ಯವೇ ಸಾಕು ಎಂದು 1996ರ ಗುರ್ಮಿತ್ ಸಿಂಗ್ ತೀರ್ಪು ಹೇಳಿತು. ಆರೋಪಿ ಕಣ್ಣಿಗೆ ಬೀಳದಂತೆ ಪರದೆ ಕಟ್ಟಬಹುದೆಂದು 2004ರಲ್ಲಿ ಆಯಿತು. 2012ರಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಬಂತು, 2013ರಲ್ಲಿ ದೆಹಲಿ ಪ್ರಕರಣದ ನಂತರ ನೇಮಿಸಿದ ವರ್ಮಾ ಸಮಿತಿಯ ವರದಿ ಮತ್ತು ದೊಡ್ಡ ತಿದ್ದುಪಡಿ.

ಮಲೆನಾಡಿಗೆ ಹೆಚ್ಚು ತಟ್ಟಿದ್ದು ನಮ್ಮದೇ ರಾಜ್ಯದ ಪ್ರಕರಣ. ತುಮಕೂರು ಜಿಲ್ಲೆಯ ನೊಣವಿನಕೆರೆ ಠಾಣೆಯ ಮೊಕದ್ದಮೆಯೊಂದರಲ್ಲಿ 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತೆಯನ್ನು ಕೂಡಲೇ ಮ್ಯಾಜಿಸ್ಟ್ರೇಟ್ ಎದುರು ಹಾಜರುಪಡಿಸಿ ಹೇಳಿಕೆ ಕೊಡಿಸಬೇಕು, 24 ಗಂಟೆ ಮೀರಿದರೆ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆಯಬೇಕು ಎಂದಿತು. ಈಗ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಈ ಹೇಳಿಕೆ 183ನೇ ಕಲಮಾದರೂ ಕೋರ್ಟಿನಲ್ಲಿ ಇಂದಿಗೂ ಅದು ಹಳೆಯ ಕಲಮಿನ ‘164 ಹೇಳಿಕೆ’ಯೇ. 24 ಗಂಟೆ ಮೀರಲು ನಮ್ಮಲ್ಲಿ ದಾರಿಯೇ ಕಾರಣವಾಗುತ್ತಿತ್ತು. ಶರಾವತಿ ಹಿನ್ನೀರಿಗೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ತುಮರಿ ಕಡೆಯವರು ಸಾಗರಕ್ಕೆ ಬರಬೇಕಾದರೆ ಲಾಂಚ್ ಕಾಯಬೇಕಿತ್ತು. ತಡಕ್ಕೆ ಲಾಂಚ್ ಕಾರಣ ಎಂಬ ಒಂದು ಸಾಲು ಡೈರಿಯಲ್ಲಿ ಇಲ್ಲದಿದ್ದರೆ, ವರ್ಷಗಳ ನಂತರದ ಪಾಟಿ ಸವಾಲಿನಲ್ಲಿ ‘ಹೇಳಿಕೊಟ್ಟು ಕರೆತಂದರು’ ಎಂದಾಗುತ್ತದೆ.

ಕೇಸು ಸೋಲುವುದು ಇಂಥ ಸಣ್ಣ ಸಂಗತಿಗಳಲ್ಲೇ. ಬಟ್ಟೆಯನ್ನೇ ತೆಗೆದುಕೊಳ್ಳಿ. ಆಗುಂಬೆ ಕಡೆಯ ಜುಲೈ ಮಳೆಯಲ್ಲಿ ಒದ್ದೆಯಾದ ಲಂಗವನ್ನು ಹಾಗೇ ಪ್ಲಾಸ್ಟಿಕ್ ಕವರಿಗೆ ತುಂಬಿ ಸೀಲ್ ಹಾಕಿದರೆ ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ನೆರಳಿನಲ್ಲಿ ಆರಿಸಿ, ಒಂದೊಂದು ಬಟ್ಟೆಯನ್ನೂ ಬೇರೆ ಬೇರೆ ಕಾಗದದ ಲಕೋಟೆಗೆ ಹಾಕಿ, ಸೀಲ್ ಮಾಡಿ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ದಿನಾಂಕ ಸಮೇತ ಬರೆಯಬೇಕು. ದೇಹದಿಂದ ಮಾದರಿ ತೆಗೆದ ಹತ್ತಿಯ ಸ್ವ್ಯಾಬ್‌ಗೂ ಇದೇ ನಿಯಮ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಂತೆ ಘಟನೆ ನಡೆದ 96 ಗಂಟೆಯವರೆಗೂ ಸ್ವ್ಯಾಬ್ ತೆಗೆಯಬಹುದು, ಆದರೆ 72 ಗಂಟೆ ಕಳೆದರೆ ಕುರುಹು ಸಿಗುವ ಸಂಭವ ತೀರಾ ಕಡಿಮೆ. ‘ವೀರ್ಯ ಪತ್ತೆಯಾಗಿಲ್ಲ’ ಎಂಬ ವರದಿ ಬಂದರೆ ಪಿಪಿ ಸುಮ್ಮನೆ ಕೂರಬಾರದು. ಸ್ನಾನ, ಮಳೆ, ತಡ ಇವುಗಳಿಂದ ಕುರುಹು ಅಳಿಯುತ್ತದೆಂದು ವೈದ್ಯರ ಬಾಯಿಂದಲೇ ಹೇಳಿಸಬೇಕು. ಎರಡು ಬೆರಳಿನ ಪರೀಕ್ಷೆಯ (ಆಕೆಗೆ ಸಂಭೋಗದ ರೂಢಿ ಇದೆಯೇ ಎಂದು ಗುಪ್ತಾಂಗದಲ್ಲಿ ಬೆರಳಿಟ್ಟು ನೋಡುವ ಹಳೆಯ ಪದ್ಧತಿ) ಉಲ್ಲೇಖ ವರದಿಯಲ್ಲಿದ್ದರೆ ಅಲ್ಲೇ ಆಕ್ಷೇಪಿಸಬೇಕು. ಆ ಪರೀಕ್ಷೆ ಮಾಡಿದವರೇ ದುರ್ನಡತೆಯ ತಪ್ಪಿತಸ್ಥರು ಎಂದು 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಇನ್ನೊಂದು ತೊಡಕು ಕಾಲದ್ದು. ‘ಅಡಿಕೆ ಕೊಯ್ಲಿನ ಹೊತ್ತಿಗೆ’ ಎಂದು ಆಕೆ ಹೇಳಿರುತ್ತಾಳೆ, ರೈಟರ್ ಒಂದು ತಾರೀಖು ಹಾಕಿ ಮುಗಿಸಿರುತ್ತಾರೆ. ಮ್ಯಾಜಿಸ್ಟ್ರೇಟ್ ಮುಂದೆ ಬೇರೆ ತಿಂಗಳು ಬರುತ್ತದೆ, ಆಸ್ಪತ್ರೆಯ ಚೀಟಿಯಲ್ಲಿ ಇಂಗ್ಲಿಷಿನ ಎರಡು ಸಾಲು ಮಾತ್ರ. ಮೂರನ್ನೂ ಪಕ್ಕದಲ್ಲಿಟ್ಟು ಓದುವ ಕೆಲಸ ಚಾರ್ಜ್‌ಶೀಟ್‌ಗೆ ಮೊದಲೇ ಆಗಬೇಕು. ಆಮೇಲೆ ಕಂಡರೆ ವಿವರಣೆ ಪಡೆಯಲು ದಾರಿ ಕಿರಿದು.

ಸಾಕ್ಷಿ ನುಡಿಯುವ ಮುನ್ನ ಪಿಪಿ ಆಕೆಯನ್ನು ಕೂರಿಸಿಕೊಂಡು ಹಿಂದಿನ ಹೇಳಿಕೆ ಓದಿಹೇಳುವುದು ತಪ್ಪಲ್ಲ, ಉತ್ತರ ಕಲಿಸಿಕೊಡುವುದು ತಪ್ಪು. ಖಾಲಿ ಕೋರ್ಟ್ ಹಾಲ್ ತೋರಿಸಿ, ಆರೋಪಿ ಎಲ್ಲಿರುತ್ತಾನೆ, ಪರದೆ ಎಲ್ಲಿ ಬರುತ್ತದೆ ಹೇಳಬೇಕು. ನೆನಪಿಲ್ಲದ್ದಕ್ಕೆ ‘ನೆನಪಿಲ್ಲ’ ಎನ್ನಬಹುದು ಎಂದರೆ ಅರ್ಧ ಭಯ ಹೋಗುತ್ತದೆ. ಪೋಕ್ಸೊದಲ್ಲಿ ವಕೀಲರು ಮಗುವನ್ನು ನೇರ ಪ್ರಶ್ನಿಸುವಂತಿಲ್ಲ, ಪ್ರಶ್ನೆ ನ್ಯಾಯಾಧೀಶರ ಮೂಲಕವೇ ಹೋಗಬೇಕು. ನ್ಯಾಯಾಲಯ ಅಪರಾಧವನ್ನು ಪರಿಗಣನೆಗೆ ತೆಗೆದುಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ಮುಗಿಯಬೇಕು. ಪೋಕ್ಸೊದ 2020ರ ನಿಯಮದಂತೆ ಮಗುವಿಗೆ ನೆರವಾಗಲು ನೇಮಿಸುವ ಬೆಂಬಲ ವ್ಯಕ್ತಿ ಮೊದಲ ವಾರವೇ ಜೊತೆಯಾದರೆ ಈ ಅರ್ಧ ಕೆಲಸ ಅವರಿಂದಲೇ ಆಗುತ್ತದೆ.

ಸಾಕ್ಷಿ ಉಲ್ಟಾ ಹೊಡೆಯಲು ಬಹುತೇಕ ಸಲ ಕಾರಣ ಕೋರ್ಟಿನ ಹೊರಗಿರುತ್ತದೆ. ಆರೋಪಿ ಬಂಧುವೋ, ಕೂಲಿ ಕೊಡುವ ತೋಟದ ಮಾಲೀಕನೋ ಆಗಿದ್ದರೆ ಊರಿನವರು ರಾಜಿ ಪಂಚಾಯ್ತಿಗೆ ಕೂರುತ್ತಾರೆ. ವಾಯಿದೆಗೆ ಬಂದ ದಿನದ ಕೂಲಿಯೂ ಹೋಗುತ್ತದೆ. ಇಲ್ಲಿ ಪಿಪಿ ಮಾಡಬಹುದಾದ್ದು ಬಹಳವಿದೆ: 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ, ಆರೋಪಿಯ ಜಾಮೀನು ವಿಚಾರಣೆ ಯಾವಾಗ ಎಂದು ಆಕೆಗೆ ತಿಳಿಸುವುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಮಧ್ಯಂತರ ಪರಿಹಾರ. ಪರಿಹಾರಕ್ಕೆ ತೀರ್ಪು ಕಾಯಬೇಕಿಲ್ಲ ಎಂಬುದು ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ. ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ ಎಂದಿದೆ. ಉಚಿತ ವಕೀಲರ ನೆರವಿಗೆ 15100ಕ್ಕೆ ಕರೆ ಮಾಡಬಹುದು.

2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನ 20ನೇ ಕಲಮು ಸರ್ಕಾರಿ ಅಭಿಯೋಜಕರ ಉಸ್ತುವಾರಿ ನೋಡುವ ಅಭಿಯೋಜನಾ ನಿರ್ದೇಶನಾಲಯಕ್ಕೆ ಜಿಲ್ಲಾ ಮಟ್ಟದಲ್ಲೂ ಜಾಗ ಕೊಟ್ಟು ಹಳೆಯ ಗೋಡೆಯಲ್ಲಿ ಕಿಂಡಿ ತೆರೆದಿದೆ. ಅದರಲ್ಲೂ ಒಂದು ವಿಚಿತ್ರವಿದೆ. 7ರಿಂದ 10 ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳ ಪೊಲೀಸ್ ವರದಿಯನ್ನು ಉಪನಿರ್ದೇಶಕರು ಪರಿಶೀಲಿಸಬೇಕು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಅತ್ಯಾಚಾರದಂತೆ 10 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯವು ನಿರ್ದೇಶಕರ ಪಾಲಿಗೆ ಹೋಗುತ್ತವೆ, ಅಲ್ಲಿ ‘ಮೇಲ್ವಿಚಾರಣೆ’ ಎಂಬ ಮಾತಿದೆ, ಪೊಲೀಸ್ ವರದಿ ಪರಿಶೀಲಿಸಬೇಕು ಎಂಬ ಮಾತಿಲ್ಲ. ಹಾಗಾಗಿ ಚಾರ್ಜ್‌ಶೀಟ್‌ನ ಕರಡನ್ನು ಮೊದಲೇ ಪಿಪಿಗೆ ತೋರಿಸುವುದು ಇವತ್ತಿಗೂ ಆಯಾ ಜಿಲ್ಲೆಯ ಎಸ್‌ಪಿ ಮತ್ತು ಅಭಿಯೋಜಕರ ನಡುವಿನ ಹೊಂದಾಣಿಕೆಗೇ ಬಿಟ್ಟ ವಿಷಯ.