ಬಾವಿ ನೀರಿನಲ್ಲಿ ಮಲಾವಿಯ ಮೀನು

ಅಕ್ವೇರಿಯಂ ಅಂಗಡಿಗೆ ಹೋದವರ ಕಣ್ಣು ಮೊದಲು ಬೀಳುವುದು ಆಫ್ರಿಕನ್ ಸಿಕ್ಲಿಡ್‌ಗಳ ಮೇಲೆ. ಅಚ್ಚ ಹಳದಿ, ಕಡು ನೀಲಿ, ಪಟ್ಟೆ ಪಟ್ಟೆ. ಸಿಹಿನೀರಿನ ಮೀನಿಗೆ ಇಷ್ಟೊಂದು ಬಣ್ಣವಾ ಅನ್ನಿಸುತ್ತದೆ. ಇವು ಸುಮ್ನೆ ತೇಲಿಕೊಂಡು ಇರುವ ಪೈಕಿಯೂ ಅಲ್ಲ. ಮರಳು ತೋಡುತ್ತವೆ, ಕಲ್ಲಿನ ಸಂದಿಗೆ ನುಗ್ಗುತ್ತವೆ, ಜಗಳ ಆಡುತ್ತವೆ, ಗಾಜಿನ ಆಚೆ ನಿಂತವರನ್ನು ದಿಟ್ಟಿಸಿ ನೋಡುತ್ತವೆ. ಆದರೆ ಕಾರವಾರ, ಕುಮಟಾ, ಶಿರಸಿ ಕಡೆ ಇವನ್ನು ತಂದವರು ಹೇಳುವ ಕತೆ ಸಾಮಾನ್ಯವಾಗಿ ಒಂದೇ. ತಂದಾಗ ಚೆನ್ನಾಗಿದ್ದವು, ಸ್ವಲ್ಪ ದಿನಕ್ಕೆ ಬಣ್ಣ ಮಾಸಿತು, ಆಮೇಲೆ ಒಂದೊಂದೇ ಸತ್ತವು. ಮೀನು ಕೆಟ್ಟದಿತ್ತು ಅಂತ ಅಂಗಡಿಯವರನ್ನು ಬೈಯುವ ಮೊದಲು ನೀರನ್ನು ನೋಡಬೇಕು.

ಅಂಗಡಿಯ ಆಫ್ರಿಕನ್ ಸಿಕ್ಲಿಡ್‌ಗಳಲ್ಲಿ ಹೆಚ್ಚಿನವು ಮಲಾವಿ ಸರೋವರದ ಮೂಲದವು. ಈಗ ಫಾರ್ಮ್‌ಗಳಲ್ಲಿ ಹುಟ್ಟಿ ಬರುತ್ತವೆ, ಅದು ಬೇರೆ ಮಾತು. ಸರೋವರ ಅಂದರೆ ನಮ್ಮ ಕೆರೆಯ ಲೆಕ್ಕ ಹಾಕಬೇಡಿ. ಅದರ ಉದ್ದ 560 ಕಿಲೋಮೀಟರಿಗಿಂತ ಜಾಸ್ತಿ. ಕಾರವಾರದಿಂದ ಬೆಂಗಳೂರು ತಲುಪಿದರೂ ಅಷ್ಟು ದೂರ ಆಗುವುದಿಲ್ಲ. ಆಳ ಸುಮಾರು 700 ಮೀಟರ್. ಭೂಮಿ ಬಿರಿದು ಆದ ಕಣಿವೆಯಲ್ಲಿ ನಿಂತ ನೀರು ಅದು. ಹೊರಗೆ ಹರಿಯುವುದು ಶಿರೆ ಎಂಬ ಒಂದೇ ನದಿ. ಮಿಕ್ಕ ನೀರು ಬಹುಪಾಲು ಬಿಸಿಲಿಗೆ ಆವಿಯಾಗುತ್ತದೆ, ಖನಿಜಗಳು ಹಿಂದೆ ಉಳಿಯುತ್ತವೆ. ಹಾಗಾಗಿ ನೀರು ಸ್ವಲ್ಪ ಗಡುಸು, ಕ್ಷಾರದ ಕಡೆಗೆ ವಾಲಿದ್ದು. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಹೇಳುವ ಅಳತೆ ಪಿಎಚ್; 7ರ ಕೆಳಗೆ ಹುಳಿ, ಮೇಲೆ ಕ್ಷಾರ. ಇಲ್ಲಿ ಅದು 7.7ರಿಂದ 8.6ರವರೆಗೆ ಇರುತ್ತದೆ. ಪಕ್ಕದ ಟಾಂಗಾನೀಕಾ ಸರೋವರದ್ದು ಇನ್ನೂ ಮೇಲೆ, 9ರ ಹತ್ತಿರ. ಮಲಾವಿಯ ನೂರಾರು ಜಾತಿಯ ಸಿಕ್ಲಿಡ್‌ಗಳು ಲಕ್ಷಾಂತರ ವರ್ಷ ಅದೇ ನೀರಿನಲ್ಲಿ ಬದುಕಿ, ಅದಕ್ಕೇ ಹೊಂದಿಕೊಂಡು ಬೇರೆಬೇರೆಯಾದವು. ಜಗತ್ತಿನ ಬೇರೆಲ್ಲೂ ಅವು ಇಲ್ಲ.

ಈಗ ನಮ್ಮ ಬಾವಿಗೆ ಬನ್ನಿ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ನೆಲ ಚಿರೆಕಲ್ಲಿನದು. ಲಕ್ಷಾಂತರ ವರ್ಷದ ಮಳೆ ಕಲ್ಲಿನ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿದದ್ದೇ ಚಿರೆಕಲ್ಲು. ಅದರೊಳಗಿಂದ ಸೋಸಿ ಬರುವ ನೀರಿನಲ್ಲಿ ಕರಗುವುದಕ್ಕೆ ಏನೂ ಉಳಿದಿಲ್ಲ. ಅದಕ್ಕೇ ನಮ್ಮಲ್ಲಿ ಸೋಪು ಚೆನ್ನಾಗಿ ನೊರೆ ಬರುತ್ತದೆ, ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುವುದಿಲ್ಲ. ಕುಡಿಯಲು ಸೊಗಸಾದ ನೀರು. ಆದರೆ ಪಿಎಚ್ ಎಷ್ಟೋ ಬಾವಿಗಳಲ್ಲಿ 6ರ ಅಕ್ಕಪಕ್ಕ. ಪಿಎಚ್‌ನ ಅಳತೆಯಲ್ಲಿ ಒಂದೊಂದು ಅಂಕೆಗೂ ಹತ್ತು ಪಟ್ಟು ವ್ಯತ್ಯಾಸ. 8ರ ನೀರಿಗಿಂತ 6ರ ನೀರು ನೂರು ಪಟ್ಟು ಹೆಚ್ಚು ಆಮ್ಲೀಯ. ಬಯಲುಸೀಮೆಯ ಗಡುಸು ಬೋರ್‌ವೆಲ್ ನೀರಿನವರಿಗೆ ಈ ತಾಪತ್ರಯ ಇಲ್ಲ. ಅವರು ಬರೆದ ಸಲಹೆ ಓದಿ ನಾವು ಮೀನು ಸಾಕಲು ಹೊರಟರೆ ಎಡವುತ್ತೇವೆ.

"ಸ್ವಲ್ಪ ಉಪ್ಪು ಹಾಕಿ, ಸಾಕು" ಅನ್ನುವ ಅಂಗಡಿಯವರೂ ಇದ್ದಾರೆ. ಅಡುಗೆ ಉಪ್ಪಿನಿಂದ ನೀರು ಉಪ್ಪಾಗುತ್ತದೆ, ಗಡುಸಾಗುವುದಿಲ್ಲ. ಸಮುದ್ರದ ಹತ್ತಿರದ ಬಾವಿ ಬೇಸಿಗೆಯಲ್ಲಿ ಉಪ್ಪಾದರೂ ಅಷ್ಟೇ, ಅದು ಮಲಾವಿಯ ನೀರಾಗುವುದಿಲ್ಲ. ಬೇಕಿರುವುದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ನಮ್ಮ ತೀರದಲ್ಲಿ ಬೇಕಾದಷ್ಟು ಬಿದ್ದಿದೆ. ಅಘನಾಶಿನಿ ಅಳಿವೆಯ ಊರುಗಳಲ್ಲಿ ಬಳಚು ತಿಂದು ಬಿಸಾಡಿದ ಚಿಪ್ಪು ಹಿತ್ತಲಿನಲ್ಲೇ ರಾಶಿ ಇರುತ್ತದೆ. ಮಾಂಸದ ಚೂರು ಒಂದಿಷ್ಟೂ ಉಳಿಯದ ಹಾಗೆ ತಿಕ್ಕಿ ತೊಳೆದು, ಕುದಿಸಿ, ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಒಡೆದು, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವ ಕಡೆ ಇಡಿ. 100 ಲೀಟರಿಗೆ ಎರಡು ಮುಷ್ಟಿಯಿಂದ ಶುರು ಮಾಡಿ. ವಾರ ಬಿಟ್ಟು ಪಿಎಚ್ ನೋಡಿ ಬೇಕಾದರೆ ಹೆಚ್ಚಿಸಿ. ಬಾಟಲಿಯಲ್ಲಿ ಬರುವ ಪಿಎಚ್ ಏರಿಸುವ ದ್ರಾವಣಕ್ಕಿಂತ ನನಗೆ ಚಿಪ್ಪೇ ಇಷ್ಟ. ಅದು ಹಸಿವು ನೋಡಿ ಬಡಿಸುವವರ ಹಾಗೆ. ನೀರು ಹುಳಿಯಾದಷ್ಟೂ ಜಾಸ್ತಿ ಕರಗುತ್ತದೆ, 8ರ ಹತ್ತಿರ ಬಂದಂತೆ ಕರಗುವುದು ನಿಧಾನವಾಗುತ್ತದೆ. ಅತಿಯಾಗಿ ಏರಿಸುವ ಭಯವಿಲ್ಲ. 8.5ರ ಹಿಂದೆ ಬೀಳುವ ಅಗತ್ಯವೂ ಇಲ್ಲ. ಫಾರ್ಮಿನಲ್ಲಿ ಹುಟ್ಟಿದ ಮೀನಿಗೆ 7.8 ಸಾಕು, ಆದರೆ ಅದು ಅಲುಗಾಡದೆ ಇರಬೇಕು.

ಕವಳಕ್ಕೆ ಹಚ್ಚುವ ಸುಣ್ಣವನ್ನು ಮಾತ್ರ ಅಪ್ಪಿತಪ್ಪಿಯೂ ಹಾಕಬೇಡಿ. ಅದೂ ಚಿಪ್ಪಿನದ್ದೇ ಅಲ್ವಾ ಅನ್ನಬಹುದು. ಸುಟ್ಟ ಮೇಲೆ ಚಿಪ್ಪಿನ ರಾಸಾಯನಿಕವೇ ಬದಲಾಗುತ್ತದೆ. ಸುಣ್ಣದ ನೀರಿನ ಪಿಎಚ್ 12 ದಾಟುತ್ತದೆ. ಮೀನಿನ ಕಿವಿರು ಸುಟ್ಟುಹೋಗುತ್ತದೆ.

ಈ ಚಿಪ್ಪಿನ ಕತೆಗೆ ಇನ್ನೊಂದು ಮುಖ ಇದೆ. ತೊಟ್ಟಿಯ ಎಷ್ಟೋ ಸಾವುಗಳು ಆಗುವುದು ಅಲ್ಲೇ. ಮೀನು ಕಿವಿರಿನಿಂದ ಅಮೋನಿಯ ಹೊರಬಿಡುತ್ತದೆ, ಉಳಿದ ಆಹಾರ ಕೊಳೆತರೂ ಅಮೋನಿಯವೇ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಕೆಡುಕಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ನೀರಿನ ಕಾರ್ಬೊನೇಟ್ ಖರ್ಚಾಗುತ್ತದೆ. ಒಂದು ಗ್ರಾಂ ಅಮೋನಿಯ ಸಾರಜನಕಕ್ಕೆ ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ನಷ್ಟು. ನಮ್ಮ ಮೆದು ನೀರಿನಲ್ಲಿ ಅದು ಮೊದಲೇ ಕಡಿಮೆ, ಬೇಗ ಮುಗಿದುಹೋಗುತ್ತದೆ. ಪಿಎಚ್ ಜಾರುತ್ತದೆ. 6ರ ಕೆಳಗೆ ಇಳಿದರೆ ಬ್ಯಾಕ್ಟೀರಿಯಗಳೂ ಮಂಕಾಗುತ್ತವೆ, ಅಮೋನಿಯ ಸೇರುತ್ತಾ ಹೋಗುತ್ತದೆ. ವಿಚಿತ್ರ ಅಂದರೆ ಮೀನು ಆಗಲೂ ಸಾಯುವುದಿಲ್ಲ. ಹುಳಿ ನೀರಿನಲ್ಲಿ ಅಮೋನಿಯ ಬಹುಪಾಲು ಅಮೋನಿಯಂ ಎಂಬ ರೂಪದಲ್ಲಿ ಇರುತ್ತದೆ, ಅದರ ವಿಷ ಕಡಿಮೆ.

ಒಂದು ದಿನ ಮನೆಯವರು ಪಿಎಚ್ ಅಳೆದು ಗಾಬರಿಯಾಗಿ ಅಡುಗೆ ಸೋಡಾವನ್ನೋ ಬಾಟಲಿಯ ದ್ರಾವಣವನ್ನೋ ಸುರಿಯುತ್ತಾರೆ. ಪಿಎಚ್ ಒಮ್ಮೆಲೇ 8 ದಾಟುತ್ತದೆ. ನಮ್ಮ ಸೆಕೆಯ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಭಾಗ ವಿಷದ ರೂಪದಲ್ಲಿ ಇರುತ್ತದೆ. 8ರಲ್ಲಿ ಅದು ಶೇಕಡಾ 6ರ ಹತ್ತಿರ, 8.5ರಲ್ಲಿ 15 ದಾಟುತ್ತದೆ. ಬೆಳಗಾಗುವಷ್ಟರಲ್ಲಿ ತೊಟ್ಟಿ ಖಾಲಿ. ಹೀಗಾಗಿ ನೀರು ಹುಳಿಯಾಗಿದೆ ಅಂತ ಗೊತ್ತಾದರೆ ಸೋಡಾ ಡಬ್ಬಕ್ಕೆ ಕೈ ಹಾಕಬೇಡಿ. ಊಟ ನಿಲ್ಲಿಸಿ, ಬಾವಿಯ ನೀರಿನಿಂದಲೇ ದಿನಾ ಸ್ವಲ್ಪ ಸ್ವಲ್ಪ ಬದಲಾಯಿಸಿ. ಅಮೋನಿಯ ಇಳಿದಿದೆ ಅಂತ ಕಿಟ್ ತೋರಿಸಿದ ಮೇಲೆ ಚಿಪ್ಪು ಇಡಿ.

ಹೊಸ ತೊಟ್ಟಿಗೆ ಮೀನು ಬಿಡುವ ಮೊದಲು ಬ್ಯಾಕ್ಟೀರಿಯ ಬೆಳೆಯಬೇಕು. ಅದಕ್ಕೆ 4ರಿಂದ 6 ವಾರ. ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯ ಹಳೆ ಸ್ಪಂಜು ಗೆಳೆಯರಿಂದ ಸಿಕ್ಕರೆ ಕಡಿಮೆ ದಿನ ಸಾಕು. ಖಾಲಿ ತೊಟ್ಟಿಯನ್ನು ಒಂದೂವರೆ ತಿಂಗಳು ನೋಡಿಕೊಂಡು ಕೂರುವುದು ಬೇಜಾರಿನ ಕೆಲಸವೇ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಬೇಕು. ಹೊಸ ನೀರನ್ನು ಹಿಂದಿನ ದಿನವೇ ಡ್ರಮ್ಮಿನಲ್ಲಿ ತುಂಬಿ, ಚಿಪ್ಪಿನ ಚೀಲ ಮತ್ತು ಗಾಳಿ ಪಂಪು ಹಾಕಿಟ್ಟರೆ ಅನುಕೂಲ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಕೆಲವು ದಿನ ಆ ನೀರು ಮುಟ್ಟಬೇಡಿ. ನಲ್ಲಿ ನೀರಿನವರು ಕ್ಲೋರಿನ್ ತೆಗೆಯುವ ದ್ರಾವಣ ಬಳಸಲೇಬೇಕು.

ತೊಟ್ಟಿ 4 ಅಡಿ ಉದ್ದದ್ದಾದರೂ ಇರಲಿ. 4 ಅಡಿ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಅಂದರೆ ಸುಮಾರು 250 ಲೀಟರ್. ಗಾಜು, ಕಲ್ಲು ಸೇರಿ 300 ಕಿಲೋ ದಾಟುತ್ತದೆ. ಶಿರಸಿ ಕಡೆಯ ಹಳೆ ಮನೆಯ ಮೆತ್ತಿನ ಮೇಲೆ ಇಡುವ ಯೋಚನೆ ಬಿಡಿ. ಕಲ್ಲುಗಳನ್ನು ಮೊದಲು ತಳದಲ್ಲಿ ಗಟ್ಟಿಯಾಗಿ ಕೂರಿಸಿ, ಆಮೇಲೆ ಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ ಮೀನು ಅಡಿಯಿಂದ ತೋಡಿ ಉರುಳಿಸುತ್ತದೆ. ಗಂಡು ಮೀನು ಗುಳಿ ತೋಡುವುದನ್ನು ಹತ್ತಿರದಿಂದ ನೋಡಬೇಕು. ಬಾಯಿ ತುಂಬ ಮರಳು ತುಂಬಿಕೊಂಡು ಹಿಂದಕ್ಕೆ ಸರಿಯುತ್ತದೆ, ಒಂದು ಗೇಣು ಆಚೆ ಹೋಗಿ ಉಗಿಯುತ್ತದೆ, ಮತ್ತೆ ಬರುತ್ತದೆ. ಸಂಜೆಯ ಹೊತ್ತಿಗೆ ತೊಟ್ಟಿಯ ಗಾಜು ಕಾಣುವಷ್ಟು ಗುಳಿ.

ಮಲಾವಿಯ ಬಂಡೆಯ ಸಂದಿಯಲ್ಲಿ ಬದುಕುವ ಎಂಬುನಾ ಗುಂಪಿನವೇ ಅಂಗಡಿಯಲ್ಲಿ ಜಾಸ್ತಿ. ಜಗಳಗಂಟ ಜಾತಿ. ಕಡಿಮೆ ಮೀನು ಹಾಕಿದರೆ ಜಗಳ ಕಡಿಮೆ ಅಂದುಕೊಳ್ಳುತ್ತೇವೆ, ಇಲ್ಲಿ ಲೆಕ್ಕ ಉಲ್ಟಾ. ನಾಲ್ಕೇ ಇದ್ದರೆ ಬಲಿಷ್ಠ ಗಂಡು ಒಂದನ್ನೇ ಹಿಡಿದು ಕಚ್ಚಿ ಸಾಯಿಸುತ್ತದೆ. 15 ಇದ್ದರೆ ಸಿಟ್ಟು ಹಂಚಿಹೋಗುತ್ತದೆ. ಒಂದು ಗಂಡಿಗೆ ಮೂರು ಹೆಣ್ಣು ಇದ್ದರೆ ಒಳ್ಳೆಯದು. ಹೊಸಬರಿಗೆ ನನ್ನ ಮಾತು ಕೇಳಿದರೆ ಇಲೆಕ್ಟ್ರಿಕ್ ಯೆಲ್ಲೋ. ಹಳದಿ ಮೈ, ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಗೆರೆ, ಸ್ವಭಾವ ಉಳಿದವಕ್ಕಿಂತ ಸಾಧು. ಔರಾಟಸ್, ಕೆನಿ ಇವೆರಡನ್ನು ಮರಿಯಲ್ಲಿ ಚಂದ ಕಂಡವು ಅಂತ ತರಬೇಡಿ, ದೊಡ್ಡದಾದ ಮೇಲೆ ತೊಟ್ಟಿಗೇ ಯಜಮಾನರು. ಆಸ್ಕರ್, ಫ್ಲವರ್‌ಹಾರ್ನ್‌ ಜೊತೆಗೂ ಬೇಡ. ಅವು ಅಮೆರಿಕದ ಸಿಕ್ಲಿಡ್‌ಗಳ ಪೈಕಿ.

ಕರಾವಳಿಯ ಮನೆಯಲ್ಲಿ ಊಟದ ವಿಷಯಕ್ಕೇ ತಪ್ಪಾಗುವುದು ಜಾಸ್ತಿ. ಶೆಟ್ಲಿ (ಸೀಗಡಿ) ಸುಲಿದ ಮೇಲೆ ಉಳಿದದ್ದನ್ನು ಮೀನಿಗೆ ಹಾಕುವ ಆಸೆ ಸಹಜ. ಎಂಬುನಾಗಳು ಬಂಡೆಗೆ ಅಂಟಿದ ಪಾಚಿ ಕೆರೆದು ತಿನ್ನುವವು, ಕರುಳು ಉದ್ದ. ಕೊಬ್ಬಿನ ಮಾಂಸ ಹೆಚ್ಚಾದರೆ ಹೊಟ್ಟೆ ಉಬ್ಬುತ್ತದೆ, ಬಿಳಿ ದಾರದಂಥ ಮಲ ಬರುತ್ತದೆ, ಊಟ ಬಿಡುತ್ತದೆ. ಆ ಹಂತದಿಂದ ಉಳಿಸುವುದು ಕಷ್ಟ. ಸ್ಪಿರುಲಿನಾ ಇರುವ ಕಾಳು, ಬಿಸಿನೀರಿನಲ್ಲಿ ಬಾಡಿಸಿದ ಪಾಲಕ್, ಒಂದು ತುಂಡು ಸೌತೆಕಾಯಿ. ಎರಡು ನಿಮಿಷದಲ್ಲಿ ಮುಗಿಯುವಷ್ಟೇ. ವಾರಕ್ಕೊಂದು ದಿನ ಉಪವಾಸ ಹಾಕಿದರೂ ನಷ್ಟವಿಲ್ಲ.

ಎಲ್ಲ ಸರಿಯಿದ್ದರೆ ಒಂದು ದಿನ ಹೆಣ್ಣು ಮೀನೊಂದು ಊಟಕ್ಕೆ ಬರುವುದಿಲ್ಲ. ಗದ್ದ ಉಬ್ಬಿರುತ್ತದೆ, ಆಗಾಗ ಏನೋ ಅಗಿಯುವ ಹಾಗೆ ಬಾಯಿ ಆಡಿಸುತ್ತದೆ. ಕಾಯಿಲೆಯಲ್ಲ, ಬಾಯಲ್ಲಿ ಮೊಟ್ಟೆ ಇದೆ. ಹೆಣ್ಣು ಮೊಟ್ಟೆ ಇಟ್ಟ ಕೂಡಲೇ ಬಾಯಿಗೆ ತುಂಬಿಕೊಳ್ಳುತ್ತದೆ. ಗಂಡಿನ ಹೊಟ್ಟೆಯಡಿಯ ರೆಕ್ಕೆಯಲ್ಲಿ ಮೊಟ್ಟೆಯಂಥ ಹಳದಿ ಚುಕ್ಕೆಗಳಿರುತ್ತವೆ. ಅವೂ ಮೊಟ್ಟೆಯೇ ಅಂದುಕೊಂಡು ಹೆಣ್ಣು ಬಾಯಿ ಹಾಕಿದಾಗ ಗಂಡು ವೀರ್ಯ ಬಿಡುತ್ತದೆ, ಬಾಯೊಳಗಿನ ಮೊಟ್ಟೆಗಳು ಫಲಿಸುತ್ತವೆ. ಜರ್ಮನ್ ವಿಜ್ಞಾನಿ ವೋಲ್ಫ್‌ಗಾಂಗ್ ವಿಕ್ಲರ್ 1962ರಲ್ಲಿ ಈ ನಕಲಿ ಮೊಟ್ಟೆಗಳ ವಿಷಯ ಬರೆದರು. ಸುಮಾರು ಮೂರು ವಾರ ತಾಯಿ ಹೆಚ್ಚುಕಡಿಮೆ ಉಪವಾಸ ಇದ್ದು, ಆಮೇಲೆ ಪೂರ್ತಿ ರೂಪ ಪಡೆದ ಮರಿಗಳನ್ನು ಉಗಿಯುತ್ತದೆ.

ನೀರಿನ ಬಿಸಿ 24ರಿಂದ 28 ಡಿಗ್ರಿ ಇರಲಿ. ಕಾರವಾರದಲ್ಲಿ ಹೀಟರ್ ಅಷ್ಟಾಗಿ ಬೇಕಾಗುವುದಿಲ್ಲ. ಶಿರಸಿಯ ಡಿಸೆಂಬರ್ ರಾತ್ರಿಗೆ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆ ಹೇಳಲಾಗದು, ಬ್ಯಾಟರಿಯ ಗಾಳಿ ಪಂಪು ಒಂದಿರಲಿ.

ಮರಿ ಜಾಸ್ತಿಯಾದರೆ ಅಂಗಡಿಗೋ ಗೆಳೆಯರಿಗೋ ಕೊಡಿ. ಊರಿನ ಕೆರೆಗೆ, ಹೊಳೆಗೆ ಬಿಡುವುದು ಬೇಡವೇ ಬೇಡ. ನಮ್ಮ ಜನ ಜಿಲೇಬಿ ಎನ್ನುವ ತಿಲಾಪಿಯವೂ ಆಫ್ರಿಕದ ಸಿಕ್ಲಿಡ್ಡೇ. 1952ರಲ್ಲಿ ಭಾರತಕ್ಕೆ ತಂದ ಆ ಮೀನು ಈಗ ಎಷ್ಟೋ ಕೆರೆಗಳಲ್ಲಿ ಊರ ಮೀನುಗಳ ಜಾಗ ಹಿಡಿದು ಕೂತಿದೆ. ಸಿಕ್ಲಿಡ್ ಕುಟುಂಬದ ನಮ್ಮದೇ ಮೀನೂ ಅಳಿವೆಗಳಲ್ಲಿ ಇದೆ. ಕೇರಳದವರು ಕರಿಮೀನು ಅನ್ನುವ, ಗೋವಾದವರು ಕಳುಂದರ ಅನ್ನುವ ಅದಕ್ಕೆ ಹೊರಗಿನ ನೆಂಟರ ಕಾಟ ಈಗಾಗಲೇ ಸಾಕಷ್ಟಿದೆ.