ಸೌತ್‌ವೆಸ್ಟ್‌ನ 80 ಕೋಟಿ ಡಾಲರ್ ಎಲ್ಲಿ ಹೋಯಿತು? ಸ್ಪೆಷಲ್ ಐಟಂ ಬಗ್ಗೆ ನನ್ನ ಟಿಪ್ಪಣಿ

ಎರಡು ಸಂಜೆ ಪೂರ್ತಿ ಇದಕ್ಕೇ ಹೋಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ದೊಡ್ಡ ವಿಮಾನ ಕಂಪನಿಗಳು ಮೂರು ತಿಂಗಳಿಗೊಮ್ಮೆ ಎರಡೆರಡು ಲಾಭ ಹೇಳುತ್ತವೆ. ಒಂದು, ಅಕೌಂಟಿಂಗ್ ನಿಯಮದ ಪ್ರಕಾರ ಬಂದದ್ದು. ಇನ್ನೊಂದು, 'ಸ್ಪೆಷಲ್ ಐಟಂ' ತೆಗೆದುಹಾಕಿದ ಅಡ್ಜಸ್ಟೆಡ್ ಲಾಭ. ಹಳೇ ವಿಮಾನಗಳ ಇಂಪೇರ್ಮೆಂಟ್ (ಬೆಲೆ ಕುಸಿಯಿತು ಅಂತ ಪುಸ್ತಕದಲ್ಲಿನ ಮೌಲ್ಯ ಇಳಿಸಿ ನಷ್ಟ ಬರೆಯುವುದು), ಬೇಗ ನಿವೃತ್ತಿ ತಗೊಂಡ ಸಿಬ್ಬಂದಿಗೆ ಕೊಟ್ಟ ಹಣ, ವಿಲೀನದ ಖರ್ಚು, ಇಂಥವನ್ನೆಲ್ಲ ಹೀಗೆ ತೆಗೆಯುತ್ತಾರೆ. ಇಲ್ಲಿವರೆಗೆ ಸಲೀಸು.

ನಾನು ಸಿಕ್ಕಿಬಿದ್ದದ್ದು ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್‌ನ 2022ರ ಕೊನೇ ಮೂರು ತಿಂಗಳ ಲೆಕ್ಕದಲ್ಲಿ. ಆ ಡಿಸೆಂಬರ್‌ನಲ್ಲಿ ಹಿಮಗಾಳಿ ಬೀಸಿತು. ಯಾವ ಸಿಬ್ಬಂದಿ ಯಾವ ವಿಮಾನಕ್ಕೆ ಅಂತ ಹೊಂದಿಸುವ ವ್ಯವಸ್ಥೆ ಕೈಕೊಟ್ಟಿತು. 21ರಿಂದ 31ರೊಳಗೆ 16,700ಕ್ಕೂ ಹೆಚ್ಚು ವಿಮಾನಗಳು ರದ್ದಾದವು. ತೆರಿಗೆಗೆ ಮುಂಚೆ ಸುಮಾರು 80 ಕೋಟಿ ಡಾಲರ್ ಹೊಡೆತ ಬಿತ್ತು ಅಂತ ಕಂಪನಿಯೇ ಹೇಳಿತು. ನಿವ್ವಳ ನಷ್ಟ 22 ಕೋಟಿ ಡಾಲರ್. ಹಾಗಾದರೆ 80 ಕೋಟಿ ವಾಪಸ್ ಕೂಡಿಸಿದರೆ ಭರ್ಜರಿ ಲಾಭ ಬರಬೇಕು, ಅಲ್ವಾ? ಸ್ಪೆಷಲ್ ಐಟಂ ತೆಗೆದ ಮೇಲೆ ಅವರು ತೋರಿಸಿದ್ದು 22.6 ಕೋಟಿ ನಷ್ಟ. ಇನ್ನೂ ಜಾಸ್ತಿ! ಪ್ಲಸ್ಸು ಮೈನಸ್ಸು ನಾನೇ ತಿರುಗಾಮುರುಗಾ ಓದಿದೆ ಅಂದುಕೊಂಡೆ.

ಓದಿದ್ದು ಸರಿಯಾಗಿಯೇ ಇತ್ತು. ಆ 80 ಕೋಟಿ ಸ್ಪೆಷಲ್ ಐಟಂ ಪಟ್ಟಿಯಲ್ಲಿ ಇರಲೇ ಇಲ್ಲ.

80 ಕೋಟಿಯನ್ನು ಬಿಡಿಸಿ ನೋಡಿದ ಮೇಲೆ ತಲೆಗೆ ಹೋಯಿತು. ಅದರಲ್ಲಿ ಸುಮಾರು 41 ಕೋಟಿ, ಬರಬೇಕಿದ್ದು ಬರದೇ ಹೋದ ಆದಾಯ. ಉಳಿದ 39 ಕೋಟಿ ಹೆಚ್ಚಾದ ಖರ್ಚು. ಈಗ ನನ್ನ ಸುಲಭದ ದಾರಿ ಹೇಳುತ್ತೇನೆ: ಯಾವ ಮೊತ್ತ ಕಂಡರೂ 'ಇದಕ್ಕೆ ಒಂದು ಜರ್ನಲ್ ಎಂಟ್ರಿ (ಲೆಕ್ಕದ ಪುಸ್ತಕದಲ್ಲಿ ಡೆಬಿಟ್, ಕ್ರೆಡಿಟ್ ದಾಖಲೆ) ಬರೆಯಬಹುದಾ?' ಅಂತ ಕೇಳಿಕೊಳ್ಳಿ. ಬಂದ್ ದಿನ ಹೋಟೆಲ್ ಮುಚ್ಚಿದರೆ, ಹೋದ ವ್ಯಾಪಾರಕ್ಕೆ ಎಂಟ್ರಿ ಇರುವುದಿಲ್ಲ. ಹುಳಿ ಬಂದು ಚೆಲ್ಲಿದ ದೋಸೆ ಹಿಟ್ಟಿಗೆ ಇರುತ್ತದೆ. ಬರದ ಆದಾಯಕ್ಕೆ ಡೆಬಿಟ್ ಯಾವ ಖಾತೆಗೆ ಹಾಕುತ್ತೀರಿ? ಪುಸ್ತಕದೊಳಗೆ ಬರದೇ ಇದ್ದದ್ದನ್ನು ಪುಸ್ತಕದಿಂದ ತೆಗೆಯುವುದು ಹೇಗೆ? 41 ಕೋಟಿ ಕಥೆ ಅಲ್ಲಿಗೆ ಮುಗಿಯಿತು. ಅದು ಅಂದಾಜು. ಲೆಡ್ಜರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

39 ಕೋಟಿಗೆ ಎಂಟ್ರಿ ಇದೆ. ಪ್ರಯಾಣಿಕರಿಗೆ ತುಂಬಿಕೊಟ್ಟ ಖರ್ಚು, ಸಮಾಧಾನಕ್ಕೆ ಕೊಟ್ಟ ರಿವಾರ್ಡ್ ಪಾಯಿಂಟುಗಳು, ಸಿಬ್ಬಂದಿಗೆ ಹೆಚ್ಚುವರಿ ಸಂಬಳ. ಇದರಲ್ಲಿ ಹಾರದ ವಿಮಾನಗಳಿಂದ ಉಳಿದ ಇಂಧನದ ದುಡ್ಡನ್ನು ಕಳೆದೂ ಇದ್ದಾರೆ (ಬಂದ್ ದಿನ ಉಳಿದ ಗ್ಯಾಸ್ ಅಂದುಕೊಳ್ಳಿ). ಹಾಗಾದರೆ ಇದನ್ನಾದರೂ ಯಾಕೆ ತೆಗೆಯಲಿಲ್ಲ? ನನಗೆ ಅನ್ನಿಸುವುದು ಇಷ್ಟು: ವಿಮಾನ ರದ್ದಾಗುವುದು, ಪರಿಹಾರ ಕೊಡುವುದು, ಓವರ್‌ಟೈಮ್, ಇವೆಲ್ಲ ಈ ವ್ಯಾಪಾರದ ದಿನನಿತ್ಯದ ಪಾಡು. ಈ ಸಲ ಮೊತ್ತ ದೊಡ್ಡದಾಯಿತು, ಖರ್ಚಿನ ಜಾತಿ ಬದಲಾಗಲಿಲ್ಲ. ಮಾಮೂಲಿ ನಗದು ಖರ್ಚನ್ನು ತೆಗೆದು ಲಾಭ ತೋರಿಸಿದರೆ ದಾರಿ ತಪ್ಪಿಸಿದಂತೆ ಅಂತ ಅಮೆರಿಕದ ಷೇರು ನಿಯಂತ್ರಕ ಎಸ್‌ಇಸಿಯೂ ಹೇಳುತ್ತದೆ. ಕಳೆದ 2 ವರ್ಷದಲ್ಲಿ ಅಂಥದ್ದೇ ಆಗಿದ್ದರೆ, ಅಥವಾ ಮುಂದಿನ 2 ವರ್ಷದಲ್ಲಿ ಆಗುವ ಸಂಭವ ಇದ್ದರೆ, 'ಒಂದೇ ಸಲದ್ದು' ಅಂತ ಹಣೆಪಟ್ಟಿ ಹಚ್ಚುವಂತಿಲ್ಲ. ಇಲ್ಲೂ ನಾನು ಎಡವಿದ್ದೆ: ಆ 2 ವರ್ಷದ ನಿಯಮ ತಡೆಯುವುದು ಹಣೆಪಟ್ಟಿಯನ್ನು. ತೆಗೆಯುವುದನ್ನೇ ಅಲ್ಲ.

2001ರ ಸೆಪ್ಟೆಂಬರ್ 11ರ ದಾಳಿಯ ನಷ್ಟವನ್ನೂ 'ಅಸಾಧಾರಣ' ಅಂತ ಬೇರೆ ತೋರಿಸಲು ಅಲ್ಲಿನ ಅಕೌಂಟಿಂಗ್ ಸಮಿತಿ ಒಪ್ಪಲಿಲ್ಲ. ದಾಳಿಯಿಂದ ಹೋದದ್ದೆಷ್ಟು, ಮೊದಲೇ ಕುಸಿಯುತ್ತಿದ್ದ ವ್ಯಾಪಾರದಿಂದ ಹೋದದ್ದೆಷ್ಟು ಅಂತ ಬೇರೆ ಮಾಡಲು ಆಗುವುದಿಲ್ಲ ಅನ್ನುವುದು ಕಾರಣ. 2015ರಲ್ಲಿ ಆ ವರ್ಗವನ್ನೇ ಕಿತ್ತುಹಾಕಿದರು. ಭಾರತದ ಅಕೌಂಟಿಂಗ್ ನಿಯಮಗಳಾದ ಇಂಡ್ ಎಎಸ್‌ನಲ್ಲೂ ಅದಿಲ್ಲ. ಆದರೆ ನಮ್ಮ ಕಂಪನಿ ಕಾಯ್ದೆಯ ಶೆಡ್ಯೂಲ್ 3ರಲ್ಲಿ (ಲೆಕ್ಕಪತ್ರ ಹೇಗೆ ತೋರಿಸಬೇಕು ಅನ್ನುವ ನಮೂನೆ) 'ಎಕ್ಸೆಪ್ಶನಲ್ ಐಟಂ' ಅನ್ನುವ ಸಾಲು ಇದೆ. ಎರಡನ್ನೂ ಕಲಸಬೇಡಿ.

ಇನ್ನು ಇಂಪೇರ್ಮೆಂಟ್. ಸುಮ್ನೆ ಒಂದು ಲೆಕ್ಕ: ಪುಸ್ತಕದಲ್ಲಿ 300 ಕೋಟಿ ರೂಪಾಯಿಯ ವಿಮಾನಗಳು, 6 ವರ್ಷ ಬಾಕಿ, ಕೊನೆಗೆ ಗುಜರಿ ಬೆಲೆ ಸೊನ್ನೆ. ವರ್ಷದ ಸವಕಳಿ (ಡಿಪ್ರಿಸಿಯೇಶನ್, ಪ್ರತಿ ವರ್ಷ ಖರ್ಚಾಗಿ ಬರೆಯುವ ಪಾಲು) 50 ಕೋಟಿ. ಬೆಲೆ 180 ಕೋಟಿಗೆ ಇಳಿಯಿತು ಅಂತ 120 ಕೋಟಿ ಇಂಪೇರ್ಮೆಂಟ್ ಬರೆದರು, ಸ್ಪೆಷಲ್ ಐಟಂ ಅಂತ ತೆಗೆದರು. ಮುಂದೆ ಸವಕಳಿ ವರ್ಷಕ್ಕೆ 30 ಕೋಟಿ ಮಾತ್ರ. ಅಂದರೆ ಪ್ರತಿ ವರ್ಷ 20 ಕೋಟಿ ಲಾಭ ಹೆಚ್ಚು ಕಾಣುತ್ತದೆ. 6 ವರ್ಷಕ್ಕೆ ಸರಿಯಾಗಿ 120 ಕೋಟಿ. ವಿಮಾನ ಕೊಂಡಾಗ ಕೈಯಿಂದ ಹೋದ ಆ ದುಡ್ಡು ಅಡ್ಜಸ್ಟೆಡ್ ಲಾಭದಲ್ಲಿ ಯಾವ ವರ್ಷವೂ ಖರ್ಚಾಗಿ ಕಾಣಿಸಲೇ ಇಲ್ಲ.