ವಚನ ಮೊದಲೋ, ವ್ಯಾಖ್ಯಾನ ಮೊದಲೋ?

ಓದುಗರ ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ ಸತ್ಯವೇದದ (ಬೈಬಲಿನ) ಒಂದು ವಚನವನ್ನು ಮುಟ್ಟಿದೊಡನೆ ಕೆಳಗೆ ವ್ಯಾಖ್ಯಾನ ತೆರೆದುಕೊಳ್ಳುತ್ತದೆ. ಓದಿ ಮುಗಿಸಿದ ಮೇಲೆ ವಚನ ಹೇಳಿದ್ದೆಷ್ಟು, ವ್ಯಾಖ್ಯಾನಕಾರರು ಹೇಳಿದ್ದೆಷ್ಟು ಎಂಬುದು ಕಲಸಿಹೋಗಿರುತ್ತದೆ. ಇವನ್ನು ಯಾವ ಕ್ರಮದಲ್ಲಿ ಓದಬೇಕು?

ಉತ್ತರ: ಮೊದಲು ಇಡೀ ಅಧ್ಯಾಯವನ್ನು ಓದಿ, ನಿಮಗೆ ತಿಳಿಯದೆ ಉಳಿದದ್ದನ್ನು ಗುರುತು ಹಾಕಿಕೊಂಡು, ಆಮೇಲೆ ವ್ಯಾಖ್ಯಾನಕ್ಕೆ ಹೋಗಬೇಕು. ವಚನ ಸಂಖ್ಯೆಗಳು ಹುಡುಕುವ ಅನುಕೂಲಕ್ಕಾಗಿ ಬಂದವು. ಸತ್ಯವೇದದ ಎರಡನೆಯ ಭಾಗವಾದ ಹೊಸ ಒಡಂಬಡಿಕೆಗೆ ಈಗಿರುವ ಸಂಖ್ಯೆಗಳನ್ನು ಫ್ರಾನ್ಸಿನ ಮುದ್ರಕ ರೊಬೇರ್ ಎಸ್ತಿಯೆನ್ 1551ರ ತಮ್ಮ ಮುದ್ರಣದಲ್ಲಿ ಕೊಟ್ಟರು. ಆ್ಯಪ್ ಆ ಸಂಖ್ಯೆಯನ್ನೇ ಓದಿನ ಅಳತೆಯಾಗಿ ಮಾಡಿಬಿಡುತ್ತದೆ.

ದಿನದ ವಚನವಾಗಿ ಮತ್ತೆ ಮತ್ತೆ ಬರುವ ಯೆರೆಮೀಯ 29:11ನ್ನೇ ನೋಡಿ. ದೇವರು ನಮ್ಮ ವಿಷಯದಲ್ಲಿ ಹಿತವನ್ನೇ ಯೋಚಿಸುತ್ತಾನೆ ಎಂಬ ಈ ಮಾತನ್ನು ಒಂಟಿಯಾಗಿ ಓದಿದವರು ಅದನ್ನು ತಮ್ಮ ಪರೀಕ್ಷೆಗೋ ಕೆಲಸಕ್ಕೋ ಹೊಂದಿಸಿಕೊಳ್ಳುತ್ತಾರೆ. ಅಧ್ಯಾಯದ ಮೊದಲಿನಿಂದ ಓದಿದರೆ, ಇದು ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಯೆರೂಸಲೇಮಿನಿಂದ ಪ್ರವಾದಿ ಬರೆದ ಕಾಗದವೆಂದು ತಿಳಿಯುತ್ತದೆ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದು ಹೇಳಿದ ಮೇಲೆ, ಬಿಡುಗಡೆಗೆ 70 ವರ್ಷ ತುಂಬಬೇಕು ಎಂದು ಹತ್ತನೆಯ ವಚನ ತಿಳಿಸುತ್ತದೆ. ಅಂದರೆ ಆ ಕಾಗದವನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಊರಿಗೆ ಮರಳುವವರಲ್ಲ. ಹಾಗಿದ್ದೂ ಭರವಸೆ ಅವರಿಗೇ ಬಂದಿದೆ. ನನ್ನ ಮಟ್ಟಿಗೆ ವಚನದ ತೂಕವಿರುವುದು ಇಲ್ಲಿಯೇ. ಕನ್ನಡದಲ್ಲಿ ಓದುವವರಿಗೆ ಇನ್ನೊಂದು ಸುಳಿವೂ ಸಿಗುತ್ತದೆ: ಸತ್ಯವೇದದಲ್ಲಿ ದೇವರು ಒಬ್ಬನೊಡನೆ ಮಾತಾಡುವಾಗ ‘ನೀನು’ ಎನ್ನುತ್ತಾನೆ, ಇಲ್ಲಿ ‘ನಿಮಗೆ’ ಎಂದಿದೆ. ಮಾತು ಇಡೀ ಸಮುದಾಯಕ್ಕೆ ಹೇಳಿದ್ದು. ಇಷ್ಟನ್ನು ತಿಳಿಯಲು ಯಾವ ವ್ಯಾಖ್ಯಾನವೂ ಬೇಕಾಗಲಿಲ್ಲ.

ವ್ಯಾಖ್ಯಾನ ಬೇಕಾಗುವುದು ಆ ಬಳಿಕ: 70 ವರ್ಷವನ್ನು ಎಲ್ಲಿಂದ ಎಣಿಸಬೇಕು, ಜನರನ್ನು ಸೆರೆಯೊಯ್ದದ್ದು ಎಷ್ಟು ಸಲ ಎಂಬಂಥ ಪ್ರಶ್ನೆಗಳಿಗೆ. ಆಗ ಅದನ್ನು ಬರೆದವರು ಯಾರು, ಯಾವಾಗ ಬರೆದರು ಎಂಬುದನ್ನು ತಪ್ಪದೆ ನೋಡಿಕೊಳ್ಳಿ. ಉಚಿತ ಆ್ಯಪ್‌ಗಳಲ್ಲಿ ಹಳೆಯ ವ್ಯಾಖ್ಯಾನಗಳೇ ಹೆಚ್ಚಾಗಿರುವುದಕ್ಕೆ ಅವುಗಳ ಹಕ್ಕುಸ್ವಾಮ್ಯ ಮುಗಿದಿರುವುದು ಒಂದು ಮುಖ್ಯ ಕಾರಣ. ಬಹಳ ಕಡೆ ಸಿಗುವ ವ್ಯಾಖ್ಯಾನವನ್ನು ಬರೆದ ಇಂಗ್ಲಿಷ್ ಸಭಾಪಾಲಕ ಮ್ಯಾಥ್ಯೂ ಹೆನ್ರಿ ಅವರು 1714ರಲ್ಲಿ ತೀರಿಕೊಂಡವರು. ಭಕ್ತಿಯ ಓದಿಗೆ ಅವರ ಬರಹ ಇಂದಿಗೂ ಆಸರೆ. ಆದರೆ 1947ರಿಂದ ಮೃತಸಮುದ್ರದ ಬಳಿಯ ಗುಹೆಗಳಲ್ಲಿ ದೊರೆತ ಪ್ರಾಚೀನ ಹಸ್ತಪ್ರತಿಗಳ ಸುರುಳಿಗಳು, ಅವುಗಳಲ್ಲಿದ್ದ ಯೆರೆಮೀಯನ ಗ್ರಂಥದ ಭಾಗಗಳು ಅವರಿಗೆ ತಿಳಿದಿರುವಂತಿಲ್ಲ. ಪಠ್ಯದ ಪ್ರಶ್ನೆಗಳಿಗೆ ಹೊಸ ಅಧ್ಯಯನಗಳನ್ನೂ ಜೊತೆಗಿಟ್ಟುಕೊಳ್ಳಬೇಕು. ಕಥೋಲಿಕ ಓದುಗರು ತಮ್ಮ ಆ್ಯಪ್‌ನಲ್ಲಿ ಕಥೋಲಿಕ ಸತ್ಯವೇದದ 73 ಗ್ರಂಥಗಳಿವೆಯೋ, ಪ್ರೊಟೆಸ್ಟೆಂಟ್ ಸತ್ಯವೇದದ 66 ಮಾತ್ರವೋ ಎಂಬುದನ್ನೂ ನೋಡಿಕೊಳ್ಳುವುದು ಒಳಿತು.

ಹೆನ್ರಿ ಅವರು ಹೊಸ ಒಡಂಬಡಿಕೆಯ ಐದನೆಯ ಗ್ರಂಥವಾದ ಅಪೊಸ್ತಲರ ಕೃತ್ಯಗಳವರೆಗೆ ಮಾತ್ರ ಬರೆದು ಮುಗಿಸಿದ್ದರು. ರೋಮಾಪುರದವರಿಗೆ ಬರೆದ ಪತ್ರಿಕೆಯಿಂದ ಮುಂದಿನ ಭಾಗವನ್ನು ಇತರ ಸಭಾಪಾಲಕರು ಪೂರ್ಣಗೊಳಿಸಿದರು. ಹೀಗಾಗಿ ಆ ಮುಂದಿನ ಭಾಗದಲ್ಲಿ ಬರುವ, ‘ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ’ ಎನ್ನುವ ಫಿಲಿಪ್ಪಿ 4:13ರ ಕೆಳಗೆ ಅವರ ಹೆಸರು ಕಂಡರೂ ಆ ವಿವರಣೆ ಅವರ ಕೈಯದಲ್ಲ. ಅದನ್ನು ತೆರೆಯುವ ಮೊದಲು ಹತ್ತನೆಯ ವಚನದಿಂದ ಓದುತ್ತಾ ಬನ್ನಿ: ಸೆರೆಯಲ್ಲಿರುವ ಪೌಲನು ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ತೃಪ್ತನಾಗಿರುವುದನ್ನು ಕಲಿತಿದ್ದೇನೆ ಎಂದ ಮೇಲೆಯೇ ತನ್ನನ್ನು ಬಲಪಡಿಸುವಾತನ ಮಾತೆತ್ತುತ್ತಾನೆ.